ಸಾಕುನಾಯಿಯ ಕೊರಳಿಗೊಂದು ಬಿಲ್ಲೆ ಕೊಡಿ: ನಗರಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಮೂರು ವರ್ಷಗಳಲ್ಲಿ ಈ ವಿಷಯವಾಗಿ ತಮ್ಮ ಕಚೇರಿಗೆ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ನಾಲ್ಕಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಆದ್ದರಿಂದ ಈ ಸಲ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಮ್ಮ ಊರಿನ ಪ್ರತಿಯೊಂದು ಸಾಕುನಾಯಿಗೂ ಪರವಾನಗಿ ಆಗಬೇಕು, ಕೊರಳಲ್ಲಿ ಸಂಖ್ಯೆಯಿರುವ ಬಿಲ್ಲೆ ಇರಬೇಕು, ಅದನ್ನು ಮಾಡಿಸಿಕೊಳ್ಳುವ ದಾರಿಯನ್ನು ತಾವು ಸುಲಭ ಮಾಡಿಕೊಡಬೇಕು.

ಕಳೆದ ಶ್ರಾವಣದಲ್ಲಿ ನನ್ನ ಏಳು ವರ್ಷದ ಮೊಮ್ಮಗ ಅಂಗಡಿಯಿಂದ ಮೊಸರು ತರುತ್ತಿದ್ದಾಗ ನಾಯಿಯೊಂದು ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಅದು ಬೀದಿನಾಯಿಯಲ್ಲ, ಕೊರಳಲ್ಲಿ ಕೆಂಪು ಬೆಲ್ಟಿತ್ತು, ಬಾಚಿದ ಕೂದಲು ಹೊಳೆಯುತ್ತಿತ್ತು. ನಲ್ಲಿಯ ಕೆಳಗೆ ಕಾಲಿಟ್ಟು ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು, ಮಗುವನ್ನು ಅಪ್ಪನ ಜೊತೆ ಆಸ್ಪತ್ರೆಗೆ ಕಳಿಸಿ, ನಾನು ಆ ಬೀದಿಯ ಒಂದೊಂದೇ ಬಾಗಿಲು ತಟ್ಟಿದೆ. ದಿನವೂ ಆ ನಾಯಿಗೆ ಅನ್ನ ಹಾಕುತ್ತಿದ್ದ ಮನೆಯವರೇ "ನಮ್ಮದಲ್ಲ" ಎಂದರು. ಮಾರನೆಯ ದಿನದಿಂದ ಆ ನಾಯಿ ಬೀದಿಯಲ್ಲಿ ಕಾಣಲಿಲ್ಲ.

ಕಚ್ಚಿದ ನಾಯಿ ಹತ್ತು ದಿನ ಕಣ್ಣೆದುರಿಗೇ ಆರೋಗ್ಯವಾಗಿದ್ದರೆ ಉಳಿದ ಚುಚ್ಚುಮದ್ದು ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸಬಲ್ಲರು. ನಮಗೆ ನೋಡಲು ನಾಯಿಯೇ ಇರಲಿಲ್ಲ. ಮೊದಲ ದಿನ, ನಾನೂ ಆಸ್ಪತ್ರೆ ತಲುಪಿದ ಮೇಲೆ, ಗಾಯದ ಸುತ್ತಲೂ ಸೂಜಿ ಚುಚ್ಚುವಾಗ ಮಗು ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿತ್ತು. ಅಂದು, ಆಮೇಲೆ 3, 7 ಮತ್ತು 28ನೆಯ ದಿನ ಎರಡೂ ತೋಳಿಗೆ ಲಸಿಕೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲವೆಂದು ತಿಳಿದ ಮನೆಯವರು ಆ ದಿನಗಳನ್ನು ಹೇಗೆ ಕಳೆದಿರಬಹುದೆಂದು ತಾವೇ ಯೋಚಿಸಿ. ಬೆಲ್ಟಿನಲ್ಲಿ ಒಂದು ಸಂಖ್ಯೆಯಿದ್ದಿದ್ದರೆ ನಾಯಿ ಯಾರದು, ಲಸಿಕೆ ಯಾವಾಗ ಆಗಿದೆ ಎಂಬುದು ಅಂದೇ ತಿಳಿಯುತ್ತಿತ್ತು.

ನಾನು ನಾಯಿಗಳ ವೈರಿಯಲ್ಲ. ನಮ್ಮ ಮನೆಯಲ್ಲಿಯೂ ಒಂಬತ್ತು ವರ್ಷದ ನಾಯಿಯಿದೆ. ಅದಕ್ಕೆ ಪರವಾನಗಿ ಮಾಡಿಸಲು ಲಸಿಕೆಯ ಚೀಟಿ ಹಿಡಿದು ಮೂರು ಸಲ ಬಂದೆ. ಒಂದು ಸಲ ನಮೂನೆ ಮುಗಿದಿತ್ತು, ಇನ್ನೊಂದು ಸಲ ಬೇರೆ ವಿಭಾಗಕ್ಕೆ ಹೋಗಿ ಎಂದರು, ಮೂರನೆಯ ಸಲ "ಯಾರೂ ಮಾಡಿಸಲ್ಲಮ್ಮ, ನಿಮಗ್ಯಾಕೆ?" ಎಂದು ಕೌಂಟರಿನವರು ನನ್ನನ್ನೇ ಕೇಳಿದರು. ಮಾಡಿಸಲು ಬಂದವಳನ್ನೇ ಹೀಗೆ ಹಿಂದಕ್ಕೆ ಕಳಿಸಿದ ಮೇಲೆ, ಮಾಡಿಸದವರನ್ನು ತಾವು ಯಾವ ಬಾಯಿಂದ ಪ್ರಶ್ನಿಸುತ್ತೀರಿ?

ನಿಯಮಗಳು ತಮಗೆ ಗೊತ್ತಿಲ್ಲದವಲ್ಲ. ಸಾಕುನಾಯಿಯ ಲಸಿಕೆಯ ಹೊಣೆ ಅದನ್ನು ಸಾಕಿದವರದೇ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ತೊಲಗಿಸುವುದು ದೇಶದ ಗುರಿ. ಯಾವ ಮನೆಯಲ್ಲಿ ಎಷ್ಟು ನಾಯಿಗಳಿವೆ ಎಂಬ ಲೆಕ್ಕವೇ ಇಲ್ಲದೆ ಆ ಗುರಿ ಮುಟ್ಟುವುದು ಹೇಗೆ?

ಹಾಗೆಂದು ಜನರನ್ನು ಹೆದರಿಸಬೇಡಿ. 2018ರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ಮಿತಿಯೊಡನೆ ಪರವಾನಗಿ ನಿಯಮ ತಂದಾಗ ಎದ್ದ ವಿರೋಧದಲ್ಲಿ ಅದು ಜಾರಿಯಾಗದೆ ನಿಂತುಹೋಯಿತು. ದಂಡದ ಮಾತನ್ನು ಮೊದಲು ಆಡಿದರೆ ಜನ ನಾಯಿಯನ್ನು ಬಚ್ಚಿಡುತ್ತಾರೆ, ಇಲ್ಲವೇ ರಾತ್ರೋರಾತ್ರಿ ಊರಾಚೆ ಬಿಟ್ಟು ಬರುತ್ತಾರೆ. ಅದರ ಬದಲು ಪ್ರತಿ ವಾರ್ಡಿನಲ್ಲಿ ಭಾನುವಾರ ಒಂದು ಮೇಜು ಹಾಕಿಸಿ. ಪಶುವೈದ್ಯರು ಲಸಿಕೆ ಹಾಕಲಿ, ಅಲ್ಲಿಯೇ ನಮೂನೆ ತುಂಬಿಸಿಕೊಳ್ಳಲಿ, ಅಲ್ಲಿಯೇ ಬಿಲ್ಲೆ ಕೊಡಲಿ. ಮೊದಲ ವರ್ಷ ಶುಲ್ಕ ಬೇಡ. ಪರವಾನಗಿ ಕೊಡಿ, ಬಿಲ್ಲೆ ಕೊಡಿ ಎಂದು ಐದನೆಯ ಸಲ ಕೇಳುತ್ತಿದ್ದೇನೆ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಭಾಷಣದ ಸಭೆ ಬೇಡ, ನಮ್ಮ ವಾರ್ಡಿನಲ್ಲಿ ಆ ಮೇಜು ಹಾಕಿಸಿ. ನಾಯಿಯನ್ನು ಕರೆದುಕೊಂಡು ಸರದಿಯಲ್ಲಿ ಮೊದಲು ನಿಲ್ಲುವವಳು ನಾನೇ.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ