ಕಡೆಯ ಬೋಗಿ ಕಂಡ ಮೇಲೆಯೇ ಲೈನ್ ಕ್ಲಿಯರ್

ಕುಂಬಳೆ,
ಆದಿತ್ಯವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ; ನೀನೂ ಕ್ಷೇಮವೆಂದು ನಿನ್ನೆ ಫೋನಿನಲ್ಲಿ ತಿಳಿಯಿತು. ಫೋನಿನಲ್ಲಿಯೇ ಹೇಳಬಹುದಾಗಿದ್ದ ವಿಷಯವನ್ನು ಪತ್ರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಉಪ್ಪರಿಗೆಯಲ್ಲಿ ಹಲಗೆಯ ಮೇಲೆ ಕಟ್ಟಿರುವ ನಮ್ಮ ಮಾದರಿ ರೈಲಿಗೆ ನೀನು ಬೇಸಗೆ ರಜೆಯಲ್ಲಿ ಬರೆದುಕೊಟ್ಟಿದ್ದ ಪ್ರೋಗ್ರಾಮನ್ನು ನಾನು ತಿದ್ದಿದ್ದೇನೆ. ಏಕೆ ತಿದ್ದಿದೆನೆಂದು ಸಾವಕಾಶವಾಗಿ ವಿವರಿಸದಿದ್ದರೆ ನೀನು ಬಂದ ದಿನವೇ ಜಗಳವಾದೀತು. ನಿನ್ನ ಮೂಲ ಪ್ರತಿಯನ್ನು ಅಳಿಸಿಲ್ಲ, ಅದು ಬೇರೊಂದು ಫೋಲ್ಡರಿನಲ್ಲಿ ಇದ್ದ ಹಾಗೆಯೇ ಇದೆ.

ನೀನು ಹೊರಡುವಾಗ ನಮ್ಮ ಹಲಗೆಯ ಮೇಲೆ ಕುಂಬಳೆ ಸ್ಟೇಷನ್ನು ಮಾತ್ರ ಇತ್ತು. ಈಗ ಎಂಟಡಿ ಉದ್ದದ ಪ್ಲೈವುಡ್ಡಿನ ಉತ್ತರದ ತುದಿಯಲ್ಲಿ ಉಪ್ಪಳವೂ, ಎರಡರ ನಡುವೆ ಶಿರಿಯಾ ಹೊಳೆಯ ಸೇತುವೆಯೂ ಬಂದಿವೆ. 87ರಲ್ಲಿ ಒಂದು ಪಾಲಿನ ಈ ಎಚ್‌ಓ ಅಳತೆಯಲ್ಲಿ ಒಂದು ಕಿಲೋಮೀಟರಿಗೇ ಹನ್ನೊಂದೂವರೆ ಮೀಟರು ಬೇಕಾಗುವುದರಿಂದ ನಿಜವಾದ ದೂರವನ್ನು ಮನೆಯೊಳಗೆ ತರುವ ಮಾತೇ ಇಲ್ಲ, 21.3 ಮೀಟರಿನ ಬೋಗಿ 24.5 ಸೆಂಟಿಮೀಟರಿಗೆ ಇಳಿದರೂ ನಾಲ್ಕು ಬೋಗಿ ಕಟ್ಟಿದರೆ ಪ್ಲಾಟ್‌ಫಾರ್ಮು ತುಂಬಿಹೋಗುತ್ತದೆ. ಹಳಿಯ ಅಗಲದಲ್ಲಂತೂ ಒಂದು ಸುಳ್ಳೇ ಇದೆ. ನಮ್ಮ ಬ್ರಾಡ್‌ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19ಕ್ಕೂ ಹೆಚ್ಚು ಬರಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5, ಅದು ಪರದೇಶದ 1435 ಮಿಲಿಮೀಟರಿನ ಹಳಿಗೆ ಹಾಕಿದ ಲೆಕ್ಕ. 1907ರಲ್ಲಿ ಮಂಗಳೂರನ್ನು ಮುಟ್ಟಿದ ಆ ದಾರಿಯಲ್ಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಬದುಕು ಸವೆಸಿದ ನಿನ್ನ ಅಜ್ಜ ಇದ್ದಿದ್ದರೆ, ಇದು ಯಾವ ಊರಿನ ಹಳಿಯೆಂದು ಕೇಳದೆ ಬಿಡುತ್ತಿರಲಿಲ್ಲ.

ರೈಲನ್ನು ಓಡಿಸುವ ಕೆಲಸ ಸುಲಭವಾಗಿಯೇ ಆಯಿತು. ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ಪದ್ಧತಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜು ಇರುತ್ತದೆ, ಆ ವಿದ್ಯುತ್ತೇ ಎಂಜಿನ್ನಿಗೆ ಆಜ್ಞೆಯನ್ನೂ ಹೊತ್ತುಕೊಂಡು ಹೋಗುತ್ತದೆ ಎಂದು ನೀನು ಅಂದು ಹೇಳಿದಾಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ನಾನೇ ಕುಳಿತು ಅದನ್ನು ಛಂದಸ್ಸಿನ ಲೆಕ್ಕಕ್ಕೆ ತಂದುಕೊಂಡೆ. ಅಲೆಯ ಅರ್ಧ ಭಾಗ 58 ಮೈಕ್ರೊಸೆಕೆಂಡು ನಿಂತರೆ ಲಘು, ಅದು ಒಂದು. ನೂರು ಅಥವಾ ಹೆಚ್ಚು ನಿಂತರೆ ಗುರು, ಅದು ಸೊನ್ನೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರು ಈ ಲಘು ಗುರುಗಳಿಗೆ ಪ್ರಸ್ತಾರ ಹಾಕಿ ತನ್ನ ಸಂಖ್ಯೆಯ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವನಿಗೆ ಇಷ್ಟು ಸಾಕಾಯಿತು. ಹೊಸ ಡಿಕೋಡರುಗಳೆಲ್ಲ ಮೂರು ಎಂಬ ಒಂದೇ ಸಂಖ್ಯೆಯನ್ನು ಹೊತ್ತು ಬರುತ್ತವೆ ಎಂಬುದನ್ನು ಮಾತ್ರ ನಾನು ಮರೆತಿದ್ದೆ; ಪ್ಯಾಸೆಂಜರನ್ನು ಹೊರಡಿಸಿದರೆ ಮೂಲೆಯಲ್ಲಿ ನಿಂತಿದ್ದ ಗೂಡ್ಸೂ ಕರೆದಂತೆ ಎದ್ದು ಹೊರಟಿತು.

ತೊಂದರೆ ಆರಂಭವಾದುದು ನಿಲ್ಲಿಸುವುದರಲ್ಲಿ. ನಿನ್ನ ಪ್ರೋಗ್ರಾಮು ಪ್ರತಿ ಬ್ಲಾಕಿನ, ಅಂದರೆ ಒಂದು ಸಲಕ್ಕೆ ಒಂದೇ ರೈಲು ಇರಬೇಕಾದ ಹಳಿಯ ತುಂಡಿನ, ಎರಡು ಕೊನೆಗಳಲ್ಲಿ ಇನ್‌ಫ್ರಾರೆಡ್ ಕಣ್ಣುಗಳನ್ನು ನಂಬಿಕೊಂಡಿತ್ತು: ಮೊದಲ ಕಣ್ಣು ಕಂಡರೆ ರೈಲು ಒಳಗೆ ಬಂತು, ಎರಡನೆಯದು ಕಂಡರೆ ಹೊರಗೆ ಹೋಯಿತು, ಹಿಂದಿನ ರೈಲಿಗೆ ಹಸಿರು. ಬೇಸಗೆಯಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ, ನಿಜ. ಮಳೆಗಾಲ ಮುಗಿದು ಒಂದು ವಾರವಾಗಿರಬೇಕು, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಪ್ಯಾಸೆಂಜರು ಶಿರಿಯಾ ಸೇತುವೆಯ ಮೇಲೆ ನಿಧಾನವಾಗಿ ಹೋಗುತ್ತಿರುವಾಗಲೇ ಲ್ಯಾಪ್‌ಟಾಪಿನ ಪರದೆಯಲ್ಲಿ ಸೇತುವೆಯ ಬ್ಲಾಕು ಖಾಲಿಯೆಂದು ತೋರಿತು. ನಾನು ಕೈಚಾಚುವ ಮೊದಲೇ ಕುಂಬಳೆಯಲ್ಲಿ ಗೂಡ್ಸಿಗೆ ಹಸಿರು ಬಿದ್ದಿತ್ತು. ಎರಡು ಬೋಗಿಗಳು ನೀಲಿ ಬಣ್ಣದ ಹೊಳೆಗೆ ಬಿದ್ದವು.

ತಂತಿ ನೋಡಿದೆ, ಬೆಸುಗೆ ನೋಡಿದೆ, ಏನೂ ಸಿಗಲಿಲ್ಲ. ಮರುದಿನ ಅದೇ ಹೊತ್ತಿಗೆ ಹಲಗೆಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಾಗ ಕಂಡಿತು: ಮಾಡಿನ ಗಾಜಿನ ಹಂಚಿನಿಂದ ಇಳಿದ ಅಂಗೈಯಷ್ಟು ಬಿಸಿಲು ಮೆಲ್ಲನೆ ಸರಿಯುತ್ತ ಉಪ್ಪಳದ ಕಡೆಯ ಕಣ್ಣಿನ ಮೇಲೆ ಬಂದು ನಿಂತಿತು, ಪಕ್ಕದ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು. ಬಿಸಿಲಿನಲ್ಲಿಯೂ ಇನ್‌ಫ್ರಾರೆಡ್ ಇದೆಯಲ್ಲ, ಕಣ್ಣಿಗೆ ಬಿಸಿಲಿಗೂ ಬೋಗಿಗೂ ವ್ಯತ್ಯಾಸ ತಿಳಿಯಲಿಲ್ಲ. ನೀನಿದ್ದಾಗ ಆ ಬಿಸಿಲು ಅಡಿಕೆ ಮೂಟೆಗಳ ಮೇಲೆ ಬೀಳುತ್ತಿತ್ತು. ಸೂರ್ಯ ದಕ್ಷಿಣಕ್ಕೆ ಸರಿದಂತೆ ಅದು ಉತ್ತರಕ್ಕೆ, ಉಪ್ಪಳಕ್ಕೆ ಸರಿಯಿತು.

ಕಣ್ಣಿಗೆ ಒಂದು ರಟ್ಟಿನ ಮರೆ ಕಟ್ಟಿ ಮುಗಿಸಬಹುದಾಗಿತ್ತು. ಆದರೆ ಅಷ್ಟರಲ್ಲಿ ನನಗೆ ಅಜ್ಜನ ಕೆಲಸ ನೆನಪಾಯಿತು. ಒಂಟಿ ಹಳಿಯ ಕಾಲದಲ್ಲಿ ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಕಬ್ಬಿಣದ ಗುಂಡೊಂದು ಡ್ರೈವರನ ಜೊತೆ ಬರುತ್ತಿತ್ತು, ಅದೇ ಆ ದಾರಿಯಲ್ಲಿ ಓಡಲು ಅಪ್ಪಣೆಯಾದ ಟೋಕನ್. ಎಂಜಿನ್ನು ಮುಂದೆ ಇರುವುದರಿಂದ ಗುಂಡು ಮೊದಲು ಕೈಗೆ ಸಿಗುತ್ತದೆ, ಬೋಗಿಗಳು ಆಮೇಲೆ ಬರುತ್ತವೆ. ಗುಂಡು ಸಿಕ್ಕಿದ ಮಾತ್ರಕ್ಕೆ ಲೈನ್ ಕ್ಲಿಯರ್, ಅಂದರೆ ಇನ್ನೊಂದು ರೈಲನ್ನು ಆ ದಾರಿಗೆ ಬಿಡಲು ಒಪ್ಪಿಗೆ, ಕೊಡುವಂತಿಲ್ಲ. ಕಡೆಯ ಬೋಗಿಯ ಬೆನ್ನಿನ ಎಲ್‌ವಿ (ಲಾಸ್ಟ್ ವೆಹಿಕಲ್, ಕಡೆಯ ಬೋಗಿ) ಹಲಗೆಯನ್ನೋ, ರಾತ್ರಿಯಾದರೆ ಕೆಂಪು ದೀಪವನ್ನೋ ಕಣ್ಣಾರೆ ಕಂಡು, ರೈಲು ಪೂರ್ತಿ ಬಂದಿದೆ, ನಡುದಾರಿಯಲ್ಲಿ ಬೋಗಿ ಕಳಚಿ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ದಾರಿ ಖಾಲಿಯಾದಂತೆ. ಸುರಿಯುವ ಆಟಿಯ ಮಳೆಯಲ್ಲಿ ಕೊಡೆ ಹಿಡಿದು ರೈಲಿನ ಬಾಲದ ಕಡೆಗೇ ನೋಡುತ್ತ ನಿಲ್ಲುತ್ತಿದ್ದ ಅಜ್ಜನನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ನಿನ್ನ ಪ್ರೋಗ್ರಾಮು ಗುಂಡು ಕಂಡೊಡನೆ ಲೈನ್ ಕ್ಲಿಯರ್ ಕೊಡುತ್ತಿತ್ತು, ಮಗಳೇ. ಬಿಸಿಲಿಲ್ಲದಿದ್ದರೂ ಅದು ಎಂದೋ ಒಂದು ದಿನ ತಪ್ಪಲೇಬೇಕಿತ್ತು.

ಆದ್ದರಿಂದ ಮಾಡಿದ್ದು ಇಷ್ಟು. ಪ್ರತಿ ಬ್ಲಾಕಿನ ಗಡಿಯಲ್ಲಿ ಒಂದು ಬದಿಯ ಹಳಿಯನ್ನು ಕತ್ತರಿಸಿ ಪ್ಲಾಸ್ಟಿಕ್ಕಿನ ಜೋಡಣೆ ಹಾಕಿದೆ. ಆ ಬ್ಲಾಕಿಗೆ ಹೋಗುವ ವಿದ್ಯುತ್ತು ಈಗ ಎದುರುಬದುರಾಗಿ ಜೋಡಿಸಿದ ಡಯೋಡುಗಳ ಮೂಲಕ ಹೋಗುತ್ತದೆ. ಅಲ್ಲಿ ಯಾವುದಾದರೂ ವಿದ್ಯುತ್ತನ್ನು ಎಳೆದರೆ ಡಯೋಡುಗಳ ಮೇಲೆ ಸುಮಾರು 1.4 ವೋಲ್ಟು ಕಾಣಿಸಿ, ಬೆಳಕಿನ ಮೂಲಕ ಸುದ್ದಿ ದಾಟಿಸುವ ಆಪ್ಟೊಕಪ್ಲರು ಲ್ಯಾಪ್‌ಟಾಪಿಗೆ ಸುದ್ದಿ ಮುಟ್ಟಿಸುತ್ತದೆ. ಎಂಜಿನ್ನು ಮೋಟಾರಿಗಾಗಿ ಎಳೆಯುತ್ತದೆ, ಬೋಗಿ ಎಳೆಯುವುದಿಲ್ಲ. ಅದಕ್ಕಾಗಿ ಕಡೆಯ ಬೋಗಿಯ ಒಂದು ಅಚ್ಚಿನ ಎರಡು ಚಕ್ರಗಳ ನಡುವೆ ಹತ್ತು ಸಾವಿರ ಓಮಿನ ರೆಸಿಸ್ಟರನ್ನು ಕೂರಿಸಿದೆ. ಅಕ್ಕಿಕಾಳಿಗಿಂತ ಸಣ್ಣದು, ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಬೆಸೆದೆನೆಂದು ನಿನ್ನ ಅಮ್ಮ ಈಗಲೂ ನಗುತ್ತಾಳೆ. ನಮ್ಮ ರೈಲಿನ ಎಲ್‌ವಿ ಹಲಗೆ ಅದು.

ಇನ್ನು ಪ್ರೋಗ್ರಾಮಿನ ತಿದ್ದುಪಡಿ. ನಿಜವಾದ ರೈಲ್ವೆಯ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಖಾಲಿ ಹಳಿಯ ಮೂಲಕ ಸದಾ ವಿದ್ಯುತ್ತು ಹರಿದು ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ಎತ್ತಿ ಹಿಡಿದಿರುತ್ತದೆ. ರೈಲಿನ ಅಚ್ಚು ಅಡ್ಡ ಬಂದರೂ, ತಂತಿ ಕಡಿದರೂ, ಹಳಿಯೇ ಮುರಿದರೂ ರಿಲೇ ಬಿದ್ದು ಸಿಗ್ನಲ್ಲು ಕೆಂಪಾಗುತ್ತದೆ. ನಮ್ಮದು ತಿರುಗುಮುರುಗು: ಹಳಿಗೆ ಕಿಲುಬು ಹಿಡಿದು ಎಂಜಿನ್ನಿಗೆ ವಿದ್ಯುತ್ತು ಸಿಗದೆ ಹೋದರೆ, ರೈಲು ಅಲ್ಲೇ ನಿಂತಿದ್ದರೂ ಬ್ಲಾಕು ಖಾಲಿಯೆಂದೇ ಸುದ್ದಿ ಬರುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಹಳಿಯನ್ನು ವಾರಕ್ಕೊಮ್ಮೆ ಸ್ಪಿರಿಟಿನಲ್ಲಿ ಒರೆಸಿದರೂ ಇದು ತಪ್ಪದು. ಆದುದರಿಂದ ಖಾಲಿ ಎಂಬ ಸುದ್ದಿಯನ್ನು ಒಂಟಿಯಾಗಿ ನಂಬಬಾರದೆಂದು ಬರೆದಿದ್ದೇನೆ. ಮುಂದಿನ ಬ್ಲಾಕು ಮೊದಲು ತುಂಬಬೇಕು, ಆಮೇಲೆ ಹಿಂದಿನದು ಬರಿದಾಗಬೇಕು, ಎರಡು ಸೆಕೆಂಡು ಬರಿದಾಗಿಯೇ ಉಳಿಯಬೇಕು. ಆಗ ಮಾತ್ರ ಹಸಿರು. ಮುಂದಿನದು ತುಂಬದೆ ಹಿಂದಿನದು ಬರಿದಾದರೆ ರೈಲು ಮಾಯವಾಯಿತೆಂದು ಅರ್ಥ, ರೈಲು ಮಾಯವಾಗುವ ವಸ್ತುವಲ್ಲ, ಹಾಗಾಗಿ ಎಲ್ಲವೂ ನಿಲ್ಲುತ್ತದೆ. ಮಾದರಿ ರೈಲು ನಡೆಸುವ ಜೆಎಂಆರ್‌ಐ ಎಂಬ ತಂತ್ರಾಂಶದಲ್ಲಿ ಇದನ್ನು ಪೈಥಾನಿನಲ್ಲಿ ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ನೀನಾಗಿದ್ದರೆ ಒಂದು ಸಂಜೆಯಲ್ಲಿ ಮುಗಿಸುತ್ತಿದ್ದೆ.

ನಿಲ್ಲುವ ದೂರವೊಂದು ಇನ್ನೂ ಸರಿಹೋಗಿಲ್ಲ. ಡಿಕೋಡರಿನ ನಾಲ್ಕನೆಯ ಸಿವಿಯಲ್ಲಿ, ಅಂದರೆ ಹೊಂದಾಣಿಕೆಯ ಬೆಲೆ ಬರೆದಿಡುವ ಮನೆಯಲ್ಲಿ, ವೇಗ ಇಳಿಯುವ ಬೆಲೆಯನ್ನು ನೀನು ಹೆಚ್ಚು ಇಟ್ಟಿದ್ದೆ. ರೈಲು ಗಂಭೀರವಾಗಿ ನಿಲ್ಲುವುದು ಚೆಂದವೇ, ಆದರೆ ಗೂಡ್ಸು ಕೆಂಪು ಸಿಗ್ನಲ್ಲನ್ನು ಒಂದು ಗೇಣು ದಾಟಿ ನಿಲ್ಲುತ್ತದೆ. ಬೆಲೆಯನ್ನು ಇಳಿಸಲೋ, ಸಿಗ್ನಲ್ಲಿನ ಮೊದಲೇ ಇನ್ನೊಂದು ಸಣ್ಣ ಬ್ಲಾಕು ಕತ್ತರಿಸಲೋ ಎಂಬುದನ್ನು ನೀನು ದೇವಸ್ಥಾನದ ಜಾತ್ರೆಯ ಕುಂಬಳೆ ಬೆಡಿಗೆ ಬಂದಾಗ ತೀರ್ಮಾನಿಸೋಣ. ಬರುವಾಗ ಅಂಥ ರೆಸಿಸ್ಟರು ಹತ್ತು ತೆಗೆದುಕೊಂಡು ಬಾ; ಗೂಡ್ಸಿನ ಕಡೆಯ ಬೋಗಿಗೆ ಇನ್ನೂ ಹಾಕಿಲ್ಲ, ಅಲ್ಲಿಯವರೆಗೆ ಅದರ ಬಾಲವನ್ನು ನಾನೇ ನೋಡಿ ಮೌಸ್ ಒತ್ತುತ್ತಿದ್ದೇನೆ.

ಇತಿ,
ಅಪ್ಪ