ಕೊಡೆ ಇಡಲು ಜಾಗವಿಲ್ಲದ ಕಚೇರಿಗಳು

ಮಾನ್ಯರೆ,

ಕಾಫಿ ಕೊಯ್ಲು ಮುಗಿಯುತ್ತ ಬಂತು, ಇನ್ನು ಕಟ್ಟಡ ಕೆಲಸದ ಕಾಲ. ಮಾರ್ಚ್ ಒಳಗೆ ಬಿಲ್ ಆಗಬೇಕೆಂಬ ಅವಸರದಲ್ಲಿ ಪಂಚಾಯಿತಿ ಕಚೇರಿ, ಗ್ರಂಥಾಲಯ, ಸಹಕಾರ ಸಂಘದ ಕಟ್ಟಡ, ಬಸ್ ತಂಗುದಾಣಗಳೆಲ್ಲ ಒಟ್ಟೊಟ್ಟಿಗೆ ಏಳುತ್ತವೆ. ಎಸ್ಟಿಮೇಟ್ ಬಿಡಿಸಿ ನೋಡಿದರೆ ಮುಂಭಾಗಕ್ಕೆ ಗಾಜು, ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಮತ್ತು ಪ್ಲಾಸ್ಟಿಕ್ ಎಮಲ್ಷನ್, ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್. ಒದ್ದೆ ಕೊಡೆ ಎಲ್ಲಿಡಬೇಕು ಎಂಬುದಕ್ಕೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆಯಿಲ್ಲದೆ ಯಾರೂ ಮನೆಯಿಂದ ಹೊರಬೀಳದ ಜಿಲ್ಲೆಯಿದು. ಬಯಲುಸೀಮೆಗೆ ಬರೆದ ನಕ್ಷೆಯನ್ನೇ ಇಲ್ಲಿಗೂ ತಂದು, ಮೇಲೊಂದು ಶೀಟ್ ಹೊದಿಸಿದರೆ ಕೊಡಗಿನ ಕಟ್ಟಡ ಆಗುವುದಿಲ್ಲ. ಕಚೇರಿಯಲ್ಲಿ ಕೂತವರ ಕೆಮ್ಮು, ಸೊಂಟನೋವು, ಕಣ್ಣುರಿ, ಕಿರಿಕಿರಿಗಳಲ್ಲಿ ಎಷ್ಟೋ ಪಾಲು ಈ ನಕ್ಷೆಯಿಂದಲೇ ಹುಟ್ಟಿದವು.

ಬಾಗಿಲಿನಿಂದಲೇ ಶುರು ಮಾಡೋಣ. ಕೊಡವರ ಹಳೇ ಕುಲದ ಮನೆಗಳಾದ ಐನ್‌ಮನೆಗಳಲ್ಲಿ ಕೈಯಾಲೆ, ಅಂದರೆ ಜಗಲಿ, ಇರುವುದು ಅಂದಕ್ಕಲ್ಲ. ಗದ್ದೆಯಿಂದ ಬಂದವರು ಗೊರಬು (ತಲೆ, ಬೆನ್ನು ಮುಚ್ಚುವ ಮಳೆಗೊಪ್ಪೆ), ಕಂಬಳಿ ಅಲ್ಲೇ ಬಿಟ್ಟು, ಕಂಬಗಳ ನಡುವಿನ ಮರದ ಆಸನವಾದ ಐಮರದ ಮೇಲೆ ಕೂತು ಕಾಲು ಒರಸಿಕೊಂಡು ಒಳಗೆ ಹೋಗುತ್ತಿದ್ದರು. ತೇವ ಹೊರಗೇ ಉಳಿಯುತ್ತಿತ್ತು. ಈಗಿನ ಕಚೇರಿಗಳಲ್ಲಿ ಮೂರು ಮೆಟ್ಟಿಲು ಹತ್ತಿದರೆ ನೇರ ಹಾಲ್. ನೀರು ಸೋರುವ ಕೊಡೆಗಳೆಲ್ಲ ಕೌಂಟರ್ ಪಕ್ಕದ ಮೂಲೆ ಸೇರುತ್ತವೆ, ರೇನ್‌ಕೋಟು ಕುರ್ಚಿಯ ಬೆನ್ನಿಗೆ ಏರುತ್ತದೆ, ಹೊಳೆಯುವ ಟೈಲ್ಸ್ ಮೇಲೆ ವಯಸ್ಸಾದವರು ಜಾರುತ್ತಾರೆ. ಬಾಗಿಲ ಮುಂದೆ ಕನಿಷ್ಠ 1.8 ಮೀಟರ್ ಆಳದ ಜಗಲಿ ಬೇಕು, ಅದರ ಪಶ್ಚಿಮದ ಬದಿಗೆ ಗೋಡೆ ಅಥವಾ ಜಾಲರಿ ಬೇಕು, ಏಕೆಂದರೆ ನಮ್ಮ ಮಳೆ ಆ ದಿಕ್ಕಿನಿಂದ ಓರೆಯಾಗಿ ಹೊಡೆಯುತ್ತದೆ. ಜಗಲಿಯ ನೆಲಕ್ಕೆ ಒರಟು ಮೈಯ ಕಲ್ಲು ಹಾಸಿ, ಪ್ರತಿ 60 ಸೆಂ.ಮೀ.ಗೆ 1 ಸೆಂ.ಮೀ. ಹೊರಗೆ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ಕೊಡೆ ಸ್ಟ್ಯಾಂಡಿನ ತಟ್ಟೆಗೆ ಒಂದು ಸಣ್ಣ ಪೈಪ್ ಹಾಕಿ ಚರಂಡಿಗೆ ಬಿಡಬೇಕು. ಪೈಪ್ ಇಲ್ಲದ ತಟ್ಟೆ ಕೆಲವೇ ದಿನಗಳಲ್ಲಿ ಸೊಳ್ಳೆಯ ಕೊಳ. ರೇನ್‌ಕೋಟಿಗೆ ಒಂದೂವರೆ ಮೀಟರ್ ಎತ್ತರದಲ್ಲಿ, ಒಂದಕ್ಕೊಂದು 20–25 ಸೆಂ.ಮೀ. ಬಿಟ್ಟು ಕೊಕ್ಕೆ. ಒತ್ತೊತ್ತಾಗಿ ಹಾಕಿದ ಕೋಟು ಸಂಜೆಯಾದರೂ ಆರುವುದಿಲ್ಲ. ಕಾಲೊರಸು ಎರಡು ಮೀಟರಾದರೂ ಉದ್ದ ಇರಲಿ, ಎರಡೂ ಪಾದ ಎರಡೆರಡು ಸಲ ಅದರ ಮೇಲೆ ಬೀಳಬೇಕು. ಹೊರಗೆ ರಬ್ಬರ್ ಜಾಲರಿ, ಒಳಗೆ ನಾರಿನದು. ನಾರಿನದಕ್ಕೆ ಬದಲಿ ಒಂದು ಜೊತೆ ಇಟ್ಟುಕೊಳ್ಳದಿದ್ದರೆ ಅದೇ ಮುಗ್ಗಲು ವಾಸನೆಯ ಮೂಲ.

ಒಳಗೆ ಬಂದ ಮೇಲೆ ದೊಡ್ಡ ಶತ್ರು ಬೂಷ್ಟು. ತೇವ ಮತ್ತು ಬೂಷ್ಟು ಹಿಡಿದ ಕಟ್ಟಡಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಳೆಗಾಲದಲ್ಲಿ ಕೋಣೆಯೊಳಗೆ 22 ಡಿಗ್ರಿ ಉಷ್ಣಾಂಶ, ಶೇ 90 ಆರ್ದ್ರತೆ ಇದೆ ಎಂದುಕೊಳ್ಳಿ. ಆ ಗಾಳಿ 20 ಡಿಗ್ರಿಯ ಗೋಡೆಯನ್ನು ಮುಟ್ಟಿದರೆ ಸಾಕು, ನೀರಾಗಿ ಕೂರುತ್ತದೆ. ಗೋಡೆ ಸೋರಬೇಕೆಂದೇ ಇಲ್ಲ. ಬಿಸಿಲು ಕಾಣದ ಹೊರಗೋಡೆಗೆ ಬೀರು ಒತ್ತಿ ನಿಲ್ಲಿಸಿದರೆ ಅದರ ಹಿಂದೆ ಗಾಳಿ ಆಡದೆ ಗೋಡೆ ಇನ್ನೂ ತಣ್ಣಗಾಗುತ್ತದೆ. ಫೈಲುಗಳಿಗೆ ಹಸಿರು ಬಣ್ಣ ಬರುವುದು ಹಾಗೆ. ಬೀರು ಮತ್ತು ಗೋಡೆಯ ನಡುವೆ 10 ಸೆಂ.ಮೀ., ಬೀರುವಿನ ಕೆಳಗೆ 10 ಸೆಂ.ಮೀ. ಬಿಡಿ. ಆದಷ್ಟು ಒಳಗೋಡೆಗೆ ಇಡಿ. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡುವ ಹಳೇ ರೂಢಿ ಒಳ್ಳೆಯದೇ ಇತ್ತು, ಆದರೆ ಎಲ್‌ಇಡಿ ಬಲ್ಬ್ ಹಾಕಿ ಅದೇ ಫಲ ನಿರೀಕ್ಷಿಸುವವರಿದ್ದಾರೆ. ಅದು ಅಷ್ಟು ಬಿಸಿಯಾಗುವುದಿಲ್ಲ.

ಹೊಸ ಕಟ್ಟಡ ಮೊದಲ ಮಳೆಗಾಲದಲ್ಲೇ ಹಳತಾಗುವುದಕ್ಕೆ ಕಾರಣ ಬೇರೆ. ಫೆಬ್ರುವರಿಯಲ್ಲಿ ಗಾರೆ, ದಿನವೂ ಕ್ಯೂರಿಂಗ್ ನೀರು, ಮಾರ್ಚ್‌ನಲ್ಲಿ ಪುಟ್ಟಿ ಎಳೆದು ಎಮಲ್ಷನ್, ಏಪ್ರಿಲ್‌ನಲ್ಲಿ ಉದ್ಘಾಟನೆ. ಗೋಡೆಯೊಳಗಿನ ನೀರು ಆರುವ ಮೊದಲೇ ಮೇಲೆ ಪ್ಲಾಸ್ಟಿಕ್ ಪದರ ಬಿತ್ತು. ಜುಲೈಗೆ ಗುಳ್ಳೆ, ಆಗಸ್ಟ್‌ಗೆ ಹೊಪ್ಪಳೆ. ಗುತ್ತಿಗೆದಾರ ಮಳೆಯನ್ನು ಬೈಯುತ್ತಾರೆ, ಎಂಜಿನಿಯರ್ ಬಣ್ಣದ ಕಂಪನಿಯನ್ನು. ಮೊದಲ ವರ್ಷ ಸುಣ್ಣ ಅಥವಾ ಸಿಮೆಂಟ್ ಪೇಂಟ್ ಬಳಿದು ಗೋಡೆಗೆ ಉಸಿರಾಡಲು ಬಿಟ್ಟು, ಎಮಲ್ಷನ್ ಬೇಕೇ ಬೇಕೆಂದರೆ ಮುಂದಿನ ಬೇಸಿಗೆಗೆ ಹೊಡೆಯಲಿ. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಆ ಗುಣವೂ ಜೊತೆಗಿದೆ. ಆಗಲೇ ಬೂಷ್ಟು ಹಿಡಿದಿದ್ದರೆ ಒಣ ಪೊರಕೆಯಲ್ಲಿ ಉಜ್ಜಬೇಡಿ, ಅದರ ಪುಡಿ ಕೋಣೆಯೆಲ್ಲ ಹಾರುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಸೋಪಿನ ನೀರಲ್ಲಿ ಒದ್ದೆ ಮಾಡಿ ಒರಸಿ, ಒಣಗಿಸಿ, ಆಮೇಲೆ ಕಾರಣ ಹುಡುಕಿ. ಕಾರಣ ಬಿಟ್ಟು ಬೂಷ್ಟು ನಿರೋಧಕ ಬಣ್ಣ ಬಳಿದರೆ ಒಂದು ಮಳೆಗಾಲ ಮುಂದೂಡಿದಂತೆ, ಅಷ್ಟೆ.

ಕಿಟಕಿಯ ಮಾತು ಬಂದಾಗ ನಮ್ಮ ತಕರಾರು ನೇರವಾಗಿದೆ: ಸ್ಲೈಡಿಂಗ್ ಕಿಟಕಿ ಕೊಡಗಿಗೆ ಹೇಳಿದ್ದಲ್ಲ. ತೆರೆದರೆ ಅರ್ಧವೇ ತೆರೆಯುತ್ತದೆ, ಅದೂ ಮಳೆಯಲ್ಲಿ ತೆರೆಯುವಂತಿಲ್ಲ. ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಕ್ಕೆ ಉಕ್ಕುತ್ತದೆ. ಹಳಿಯ ನೀರು ಹೊರಹೋಗಲು ಇಟ್ಟ ತೂತನ್ನು ‘ಸೋರುತ್ತೆ’ ಎಂದು ಸಿಲಿಕೋನ್ ತುಂಬಿ ಮುಚ್ಚಿದವರೂ ಇದ್ದಾರೆ. ಹಾಗಾಗಿ ನಾಲ್ಕು ತಿಂಗಳು ಕಿಟಕಿ ಮುಚ್ಚಿ, ಇಪ್ಪತ್ತು ಜನ ಒಬ್ಬರ ಉಸಿರನ್ನು ಒಬ್ಬರು ಕುಡಿಯುತ್ತ ಮಧ್ಯಾಹ್ನಕ್ಕೆ ತಲೆಭಾರ ಎನ್ನುತ್ತಾರೆ. ಕಚೇರಿಯಲ್ಲಿ ಒಬ್ಬರಿಗೆ ಸೆಕೆಂಡಿಗೆ ಸುಮಾರು 10 ಲೀಟರ್ ಹೊಸ ಗಾಳಿ ಬೇಕು. ಮೇಲ್ಭಾಗಕ್ಕೆ ಕೀಲಿಟ್ಟು ಕೆಳಗಿನಿಂದ ಹೊರಕ್ಕೆ ತಳ್ಳಿ ತೆರೆಯುವ ಕಿಟಕಿ ಮಳೆಯಲ್ಲೂ ತೆರೆದಿರುತ್ತದೆ, ಬಾಗಿಲೇ ಅದಕ್ಕೆ ಕೊಡೆ. ಎದುರು ಗೋಡೆಯಲ್ಲಿ, ಸೂರಿನ ಕೆಳಗೆ, ಲೂವರ್ (ಓರೆ ಪಟ್ಟಿಗಳು) ಇರುವ ವೆಂಟಿಲೇಟರ್ ಸಾಲು ಕೊಟ್ಟರೆ ಗಾಳಿ ತಾನೇ ಹಾಯುತ್ತದೆ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಎರಡು ಸೆಂ.ಮೀ. ಒಳಗೆ, ಒಂದು ಬೆರಳಗಲದ ಗೀರು ಎಳೆಯಿರಿ. ಗಾರೆ ಹಸಿಯಿರುವಾಗ ಮರದ ರೀಪು ಒತ್ತಿ ಮಾಡುವ ಕೆಲಸ, ಒಂದು ಕಿಟಕಿಗೆ ಹತ್ತು ನಿಮಿಷ. ಆ ಗೀರಿಲ್ಲದಿದ್ದರೆ ಅಂಚಿಗೆ ಬಂದ ನೀರು ಕೆಳಗೆ ಬೀಳದೆ ಸಜ್ಜಾದ ಹೊಟ್ಟೆಗಂಟಿ ಗೋಡೆಯತನಕ ತೆವಳಿ ಬರುತ್ತದೆ.

ಹೊರಗಿನ ಗಾಳಿಯೇ ಒದ್ದೆಯಿರುವಾಗ ಕಿಟಕಿ ತೆರೆದರೆ ಕೋಣೆ ಒಣಗುವುದಿಲ್ಲವಲ್ಲ ಎಂಬ ಪ್ರಶ್ನೆ ಸರಿಯಾದದ್ದೇ. ಜನ ಕೂರುವ ಕೋಣೆಗೆ ಗಾಳಿ ಮುಖ್ಯ. ದಾಖಲೆ, ಕಂಪ್ಯೂಟರ್ ಸರ್ವರ್ ಇಡುವ ಕೋಣೆಗೆ ಒಣಗು ಮುಖ್ಯ. ಎರಡನ್ನೂ ಒಂದೇ ಕೋಣೆಯಲ್ಲಿ ಮಾಡಹೊರಡುವುದೇ ತಪ್ಪು. ದಾಖಲೆಗೆ ಸಣ್ಣ ಕೋಣೆ ಬೇರೆ ಮಾಡಿ, ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಓಡಿಸಿ. ದಿನಕ್ಕೆ 20 ಲೀಟರ್ ಎಂದು ಡಬ್ಬಿಯ ಮೇಲೆ ಬರೆದದ್ದು ಸಾಮಾನ್ಯವಾಗಿ 30 ಡಿಗ್ರಿ ಸೆಕೆಯ ಲೆಕ್ಕ. ಮಡಿಕೇರಿಯ 18 ಡಿಗ್ರಿಯಲ್ಲಿ ಅದರ ಅರ್ಧ ನೀರು ಬಂದರೂ ದೊಡ್ಡದು. ಬಾಗಿಲು ತೆರೆದಿಟ್ಟು ಓಡಿಸಿದರೆ ಇಡೀ ಊರನ್ನು ಒಣಗಿಸಲು ಹೊರಟಂತೆ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆ ಮಾಪಕವನ್ನು ಗೋಡೆಗೆ ತೂಗುಹಾಕಿ, ಮುಳ್ಳು 60ರ ಕೆಳಗೆ ಇರುವಂತೆ ನೋಡಿಕೊಳ್ಳಿ.

ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರುವುದು ಮಾತ್ರ ಎಂದಿಗೂ ಬೇಡ. ಕಾವಲುಗಾರರ ಕೋಣೆ, ಹೋಂಸ್ಟೇ ಕೆಲಸದವರ ಕೋಣೆಗಳಲ್ಲಿ ಇದು ಈಗಲೂ ನಡೆಯುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕರೆಂಟ್ ಹೋದಾಗ ಜಗಲಿಯಲ್ಲೇ ಜನರೇಟರ್ ಓಡಿಸಿದರೂ ಅದೇ ಹೊಗೆ ಕಿಟಕಿಯಿಂದ ಒಳಗೆ.

ಶೀಟಿನ ಸದ್ದಿಗೆ ಬರೋಣ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ತಗಡಿನ ಶೀಟಿನ ಕೆಳಗೆ ಗ್ರಾಮಸಭೆ ನಡೆಸಿದರೆ ಯಾರು ಏನು ಹೇಳಿದರೆಂದು ನಡಾವಳಿ ಬರೆಯುವವರಿಗೂ ಕೇಳುವುದಿಲ್ಲ. ದಿನವಿಡೀ ಅದರ ಕೆಳಗೆ ಕೆಲಸ ಮಾಡುವವರು ಕೂಗಿ ಕೂಗಿ ಸಂಜೆಗೆ ಸುಸ್ತು. ಥರ್ಮಾಕೋಲ್ ಅಂಟಿಸುವುದು ದಂಡ, ಸದ್ದು ತಡೆಯುವುದಿಲ್ಲ, ಬೆಂಕಿಗಂತೂ ಬೇಗ ಬಲಿ. ಜಿಪ್ಸಂ ಬೋರ್ಡ್ ತೇವ ಕುಡಿದು ಜೋತುಬೀಳುತ್ತದೆ. ಶೀಟಿನ ಕೆಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲುನಾರಿನ ಹಾಸು), ಅದರ ಕೆಳಗೆ ಸ್ವಲ್ಪ ಗಾಳಿಯ ಜಾಗ ಬಿಟ್ಟು 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಕೊಟ್ಟರೆ ಮಾತು ಕೇಳುವಷ್ಟಾಗುತ್ತದೆ. ಬೆಳಗಿನ ಜಾವ ಶೀಟಿನ ಅಡಿಯಿಂದ ಹನಿಯುವ ಇಬ್ಬನಿಯೂ ನಿಲ್ಲುತ್ತದೆ. ಮಂಗಳೂರು ಹೆಂಚು ಇದೆಲ್ಲಕ್ಕಿಂತ ವಾಸಿ ಎಂದೇ ನಮ್ಮ ಅಭಿಪ್ರಾಯ, ಮಂಗಗಳು ಒಪ್ಪಿದರೆ.

ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ಶೆಡ್‌ಗಳ ಕಡೆಗೆ ಯಾರೂ ನೋಡುವುದಿಲ್ಲವಾದ್ದರಿಂದ ನಾಲ್ಕು ಮಾತು ಹೆಚ್ಚು. ಬೀನ್ಸ್ ಆರಿಸುವವರು ಬಹುತೇಕ ಮಹಿಳೆಯರು, ಕಪ್ಪು ಬೀನ್ಸ್, ಒಡಕು, ಹುಳುಕು ಹೆಕ್ಕುತ್ತ ದಿನಕ್ಕೆ ಎಂಟು ಗಂಟೆ ಕಣ್ಣು ನೆಟ್ಟು ಕೂರುತ್ತಾರೆ. ತಲೆಯ ಹಿಂದೆ ಟ್ಯೂಬ್‌ಲೈಟ್ ಇದ್ದರೆ ಬೀನ್ಸ್ ಮೇಲೆ ಬೀಳುವುದು ಅವರದೇ ನೆರಳು. ಬೆಳಕು ಎದುರಿನಿಂದ ಅಥವಾ ಎಡ ಬಲದಿಂದ ಬರಬೇಕು, ಮೇಜಿನ ಮೇಲೆ ಕನಿಷ್ಠ 500 ಲಕ್ಸ್ (ಬೆಳಕಿನ ಅಳತೆ) ಇರಬೇಕು, ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂಬ ಅಂಕ) 90 ಎಂದಿರಬೇಕು. ಹಳದಿ ಬಲ್ಬಿನಡಿ ಕಂದು ಬೀನ್ಸ್, ಒಳ್ಳೆ ಬೀನ್ಸ್ ಎರಡೂ ಒಂದೇ ಕಾಣುತ್ತವೆ. ಕಣ್ಣೂ ಸೋಲುತ್ತದೆ, ಗ್ರೇಡೂ ಇಳಿಯುತ್ತದೆ. ಮಾರುಕಟ್ಟೆಯ ಕುರ್ಚಿಗಳ ಎತ್ತರ ಸಾಮಾನ್ಯವಾಗಿ 45 ಸೆಂ.ಮೀ. ಐದಡಿಯ ಮಹಿಳೆಗೆ ಪಾದ ನೆಲಕ್ಕೆ ಎಟುಕುವುದಿಲ್ಲ, ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಎಂಟು ಸೆಂ.ಮೀ. ಎತ್ತರದ ಹಲಗೆಯೊಂದನ್ನು ಕಾಲ ಕೆಳಗಿಟ್ಟರೆ ಆಯಿತು, ಶೆಡ್ಡಿನಲ್ಲಿ ಮರಕ್ಕೇನು ಬರ. ನಿಂತು ಆರಿಸುವ ಕಡೆ ಮೇಜು ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿರಲಿ. ಬೀಜದ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರ ಇರುವಲ್ಲಿ ಸೀಲಿಂಗ್ ಫ್ಯಾನ್ ಹಾಕುವುದು ಮಾಮೂಲಿ ತಪ್ಪು. ಅದು ಹೊಟ್ಟಿನ ಧೂಳನ್ನು ಹೊರಗೆ ಕಳಿಸುವುದಿಲ್ಲ, ಎಲ್ಲರಿಗೂ ಹಂಚುತ್ತದೆ. ಹಸಿ ಕಾಫಿಯ ಧೂಳಿನಿಂದ ಅಸ್ತಮಾ ಬರುವುದುಂಟು. ಧೂಳು ಹುಟ್ಟುವ ಬಾಯಲ್ಲೇ ಹೀರುವ ಕೊಳವೆ ಬೇಕು.

ಅಂಗಡಿ, ಬಟ್ಟೆ ಮಳಿಗೆಗಳಲ್ಲಿ ಇಡೀ ದಿನ ನಿಂತೇ ಇರುವ ಹುಡುಗಿಯರ ಕಥೆಯೂ ಇದೇ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಯಿತು, ತಮಿಳುನಾಡಿನಲ್ಲಿ 2021ರಲ್ಲಿ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ನಿಂತು ದುಡಿಯುವವರಿಗೆ ಆಸನ ಕೊಡಬೇಕೆಂದಿತ್ತು. ಒಂದು ಕೌಂಟರಿಗೆ ಒಂದು ಸ್ಟೂಲ್ ಇಡಲು ನಮ್ಮ ವರ್ತಕರಿಗೆ ಕಾನೂನೇ ಬೇಕೆ?

ಶೌಚಾಲಯದ ಬಗ್ಗೆ ಒಂದೇ ಮಾತು: 25 ಮಹಿಳೆಯರಿಗೆ ಒಂದಾದರೂ, ಒಳಗಿನಿಂದ ಚಿಲಕ ಬೀಳುವಂಥದ್ದು, ಮಳೆಯಲ್ಲಿ ನೆನೆಯದೆ ಹೋಗುವಂಥ ದಾರಿ. ಅದಿಲ್ಲದ ಕಡೆ ಮಹಿಳೆಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು ಅಲ್ಲಿಂದಲೇ. ಪಂಚಾಯಿತಿಗಳ ಕೂಸಿನ ಮನೆಗೆ (ಶಿಶುಪಾಲನಾ ಕೇಂದ್ರಕ್ಕೆ) ಉಳಿದ ಮೂಲೆ ಕೋಣೆ ಕೊಡುವ ಚಾಳಿಯೂ ಬಿಡಬೇಕು. ಮಕ್ಕಳು ನೆಲದ ಮೇಲೇ ಮಲಗುವುದರಿಂದ ಮಳೆ ಹೊಡೆಯುವ ಪಶ್ಚಿಮದ ಗೋಡೆಯಿಂದ ದೂರದ ಕೋಣೆ, ಹಾಸಿಗೆಯ ಕೆಳಗೆ ಮರದ ಹಲಗೆ ಬೇಕು. ಇಳಿಜಾರು ದಾರಿಗಳು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಲಿ. 60 ಸೆಂ.ಮೀ. ಎತ್ತರದ ಕಟ್ಟೆಗೆ ಏಳು ಮೀಟರ್ ಚಿಲ್ಲರೆ ಉದ್ದ ಬೇಕು. ನಾಲ್ಕು ಮೀಟರಿನಲ್ಲಿ ಮುಗಿಸಿ ಅದಕ್ಕೆ ಪಾಲಿಶ್ ಟೈಲ್ಸ್ ಅಂಟಿಸಿದ್ದು ರ‍್ಯಾಂಪ್ ಅಲ್ಲ, ಜಾರುಬಂಡಿ.

ಬಸ್ ತಂಗುದಾಣಗಳಲ್ಲಿ ದಾನಿಗಳ ಹೆಸರಿನ ಫಲಕ ಎಷ್ಟು ದೊಡ್ಡದೋ ಬೆಂಚು ಅಷ್ಟೇ ಕಿರಿದು. ಆಳ ಎರಡು ಮೀಟರ್ ಇಲ್ಲದಿದ್ದರೆ ಓರೆ ಮಳೆಗೆ ಹಿಂದಿನ ಗೋಡೆಯೂ ಒದ್ದೆ. ಬೆಂಚಿನ ಎತ್ತರ 45, ಅಗಲ 40 ಸೆಂ.ಮೀ., ಬದಿಗೆ ಹಿಡಿದೇಳಲು ಒಂದು ಕಂಬಿ. ಬಸ್ ಬರುವ ದಿಕ್ಕಿನ ಬದಿಗೋಡೆಯಲ್ಲಿ ಕೂತವರ ಕಣ್ಣೆತ್ತರಕ್ಕೆ ಒಂದು ಕಿಂಡಿ. ಅದಿಲ್ಲವೆಂದು ಎಲ್ಲರೂ ಮಳೆಯಲ್ಲೇ ರಸ್ತೆಗೆ ಬಂದು ನಿಲ್ಲುತ್ತಾರೆ.

ಇದರಲ್ಲಿ ಬಹುಪಾಲು ಎಸ್ಟಿಮೇಟ್ ಹಿಗ್ಗಿಸುವ ಕೆಲಸಗಳಲ್ಲ. ಮುಂಭಾಗದ ಗಾಜನ್ನು ಕೈಬಿಟ್ಟರೆ ಜಗಲಿಯ ಖರ್ಚಿಗೆ ದಾರಿಯಾಗುತ್ತದೆ. ಜಿಲ್ಲಾ ಪಂಚಾಯಿತಿ, ಲೋಕೋಪಯೋಗಿ ಇಲಾಖೆಗಳಲ್ಲಿ ನಮ್ಮ ಕೇಳಿಕೆ ಇಷ್ಟೆ: ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗೆ ಹೊಸ ಕಟ್ಟಡಗಳ ಕೊನೆಯ ಬಿಲ್ ತಡೆಹಿಡಿಯಲಿ. ಮೊದಲ ಮಳೆ ಬಂದ ದಿನ ಎಂಜಿನಿಯರ್ ಒಂದು ಸೀಮೆಸುಣ್ಣ ಹಿಡಿದು ಒಳಗೆ ಸುತ್ತಲಿ, ಒದ್ದೆ ಕಂಡ ಕಡೆಯೆಲ್ಲ ಗೋಡೆಯ ಮೇಲೆ ಗೆರೆ ಎಳೆದು ದಿನಾಂಕ ಬರೆಯಲಿ. ಗುತ್ತಿಗೆದಾರರಿಗೆ ಆ ಗೆರೆ ಅಳಿಸಲು ಜೂನ್‌ವರೆಗೆ ಸಮಯವಿದೆ.

– ಕಟ್ಟಡ ವಿನ್ಯಾಸ ಮತ್ತು ಕಾರ್ಮಿಕ ಆರೋಗ್ಯ ಕ್ಷೇತ್ರದ ಕೆಲವರು, ಮಡಿಕೇರಿ