ಹಳೆಯ ಗರಿ ತನ್ನಿ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ, ಚರ್ಚಿನಲ್ಲಿ ಕೊಟ್ಟ ಗರಿ ನಿಮ್ಮ ಮನೆಯಲ್ಲಿ ಯೇಸುವಿನ ಪಟದ ಹಿಂದೆ ಇರುತ್ತೆ, ಅಲ್ವಾ? ಈ ಭಾನುವಾರ ಪೂಜೆಗೆ ಬರುವಾಗ ತನ್ನಿ. ಕಸಕ್ಕೆ ಹಾಕಬೇಡಿ. ಅದನ್ನೇ ಸುಟ್ಟು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ದಿನ ಆ ಬೂದಿಯನ್ನು ನಮ್ಮ ಹಣೆಗೆ ಹಚ್ಚುತ್ತಾರೆ.

ಹೊಸಾನ್ನ ಎಂದು ಹಾಡಿ ಎತ್ತಿ ಹಿಡಿದ ಹಸಿರು ಗರಿ, ವರ್ಷ ತಿರುಗುವಷ್ಟರಲ್ಲಿ ಬೂದಿ. ಬೂದಿ ಹಚ್ಚುವಾಗ ಹೇಳುವ 'ನೀನು ಮಣ್ಣು, ಮಣ್ಣಿಗೇ ಮರಳುವೆ' ಅನ್ನುವ ಮಾತು ಕೇಳಿದರೆ ಚಿಕ್ಕಂದಿನಲ್ಲಿ ನನಗೆ ಭಯ ಆಗುತ್ತಿತ್ತು. ಹೋದ ವರ್ಷ ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಅದೇ ಮಾತು ಬೇರೆ ಥರ ಕೇಳಿಸುತ್ತಿದೆ. ಅಮ್ಮ ಹೋದ ಕಡೆಗೇ ನಾನೂ ಹೊರಟಿದ್ದೇನೆ, ಅಷ್ಟೇ. ಭಯ ಪೂರ್ತಿ ಹೋಗಿದೆ ಅಂತ ಸುಮ್ನೆ ಹೇಳಲಾರೆ.

ಆ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವಯಸ್ಸಿನವರಿಗೆ ಉಪವಾಸ. 14 ತುಂಬಿದವರು ಮಾಂಸ ಬಿಡಬೇಕು. ಸಕ್ಕರೆ ಕಾಯಿಲೆಯವರು, ಬಸುರಿಯರು ಹಟ ಮಾಡಬೇಡಿ.

ತಪಸ್ಸು ಕಾಲದ ಮೊದಲ ಶುಕ್ರವಾರ, ಯೇಸುವಿನ ಪಾಡು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆ ಮುಗಿದ ಮೇಲೆ ಕೆಲವರು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ, ನೆಲಮಾಳಿಗೆಯಲ್ಲಿ ಮಲಗಿರುವ ಸಂತಳ ಪ್ರತಿಮೆಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ ಅಂದುಕೊಂಡಿದ್ದೇವೆ. ಬರುವವರು ಇಲ್ಲಿ ಹೆಸರು ಹಾಕಿ. ಫಾರ್ವರ್ಡ್ ಮೆಸೇಜ್ ಬೇಡ, ದಯವಿಟ್ಟು.